ಬೀಳುವ ಗೋಡೆಯ ಜಾಡು ಹಿಡಿದು ಬಸ್ಟರ್ ಕೀಟನ್ ಅವರನ್ನು ಅಭ್ಯಾಸ ಮಾಡುವ ಬಗೆ

ಅಮೆರಿಕದ ಬಸ್ಟರ್ ಕೀಟನ್ ಅವರಂಥ ಮೂಕಿ ಯುಗದ ಹಾಸ್ಯನಟ-ನಿರ್ದೇಶಕರೊಬ್ಬರ ವೃತ್ತಿಜೀವನವನ್ನು ಅರಿಯಲು ಹೊರಟವರು ಸಾಮಾನ್ಯವಾಗಿ ಜೀವನಚರಿತ್ರೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಅದಕ್ಕಿಂತ ಒಂದೇ ಹಾಸ್ಯಪ್ರಸಂಗವನ್ನು ಹಿಡಿದು, ಅದು ಚಿತ್ರದಿಂದ ಚಿತ್ರಕ್ಕೆ ಹೇಗೆ ಬೆಳೆಯಿತೆಂದು ನೋಡುವುದು ಹೆಚ್ಚು ಫಲಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಂಗಳೂರಿನಲ್ಲಿ ನಾಲ್ಕೈದು ಮಂದಿ ಚಿತ್ರಾಸಕ್ತರು ಒಂದು ಭಾನುವಾರ ಯಾರದಾದರೂ ಮನೆಯ ಬಿಳಿಗೋಡೆಯ ಮೇಲೆ ಪ್ರೊಜೆಕ್ಟರ್ ಹಾಕಿಕೊಂಡು ಇದನ್ನು ಮಾಡಬಹುದು.

ಮೊದಲು ಚಿತ್ರದ ಪ್ರತಿಯನ್ನು ಎಚ್ಚರಿಕೆಯಿಂದ ಆರಿಸಿಕೊಳ್ಳಿ. ಆ ಕಾಲದ ಕ್ಯಾಮೆರಾಗಳನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ಚಿತ್ರೀಕರಣಕ್ಕೆ ಒಂದೇ ನಿಗದಿತ ವೇಗವಿರಲಿಲ್ಲ. ಸೆಕೆಂಡಿಗೆ 16ರಿಂದ 18 ಫ್ರೇಮುಗಳಂತೆ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಗಡಿಬಿಡಿಯಲ್ಲಿರುವಂತೆ ಕಾಣುತ್ತದೆ. ಆದರೆ ಹಾಸ್ಯಚಿತ್ರಗಳಲ್ಲಿ ಕೆಲವು ದೃಶ್ಯಗಳನ್ನು ಬೇಕೆಂದೇ ವೇಗವಾಗಿ ಕಾಣುವಂತೆ ತೆಗೆಯುತ್ತಿದ್ದರು, ಆದ್ದರಿಂದ ಎಲ್ಲವನ್ನೂ ನಿಧಾನಗೊಳಿಸಬೇಡಿ.

ಈಗ ಮೂರು ಚಿತ್ರಗಳನ್ನು ಕಾಲಕ್ರಮದಲ್ಲಿ ನೋಡಿ. ರಾಸ್ಕೋ ಆರ್ಬಕಲ್ ನಿರ್ದೇಶಿಸಿದ 1919ರ ‘ಬ್ಯಾಕ್ ಸ್ಟೇಜ್’ನಲ್ಲಿ ಕೀಟನ್ ಇನ್ನೂ ಸಹನಟರು, ಅಲ್ಲಿ ರಂಗಸಜ್ಜಿಕೆಯ ಗೋಡೆಯೊಂದು ಆರ್ಬಕಲ್ ಮೇಲೆ ಬೀಳುತ್ತದೆ, ಕಿಟಕಿಯ ತೆರಪು ಅವರನ್ನು ಉಳಿಸುತ್ತದೆ. ಎಡ್ಡಿ ಕ್ಲೈನ್ ಜೊತೆ ಕೀಟನ್ ನಿರ್ದೇಶಿಸಿದ 1920ರ ‘ಒನ್ ವೀಕ್’ನಲ್ಲಿ ಅದೇ ಪ್ರಸಂಗ ನವದಂಪತಿಗಳು ತಾವೇ ಜೋಡಿಸಿಕೊಳ್ಳುತ್ತಿರುವ ಮನೆಗೆ ಬರುತ್ತದೆ. 1928ರ ‘ಸ್ಟೀಮ್‌ಬೋಟ್ ಬಿಲ್, ಜೂನಿಯರ್’ನಲ್ಲಿ ಬಿರುಗಾಳಿಗೆ ನಿಜವಾದ ಭಾರದ ಮನೆಯ ಮುಂಭಾಗವೇ ಕಳಚಿ ಬೀಳುತ್ತದೆ, ಮತ್ತು ಕೀಟನ್ ಹಿಂದಿರುಗಿ ನೋಡದೆ ನಿಂತಲ್ಲೇ ನಿಂತಿರುತ್ತಾರೆ. ಇಲ್ಲಿ ಚಿತ್ರವನ್ನು ತಡೆದು ಕ್ಯಾಮೆರಾ ಎಲ್ಲಿದೆಯೆಂದು ಗಮನಿಸಿ. ಇಡೀ ಗೋಡೆ, ಇಡೀ ಮನುಷ್ಯ ಒಂದೇ ಚೌಕಟ್ಟಿನಲ್ಲಿರುವಷ್ಟು ದೂರದಲ್ಲಿದೆ. ನಡುವೆ ಕತ್ತರಿ ಬಿದ್ದಿದ್ದರೆ ನಾವು ನಂಬುತ್ತಿರಲಿಲ್ಲ, ನಂಬದಿದ್ದರೆ ನಗುತ್ತಲೂ ಇರಲಿಲ್ಲ. ಕಿಟಕಿಯ ಅಂಚಿಗೂ ಅವರ ಮೈಗೂ ಇದ್ದ ಅಂತರ ಕೆಲವೇ ಅಂಗುಲ. ರಂಗಭೂಮಿಯ ಒಂದು ತಮಾಷೆಯು ಒಂಬತ್ತು ವರ್ಷಗಳಲ್ಲಿ ಪ್ರಾಣಾಪಾಯದ ಲೆಕ್ಕಾಚಾರವಾಗಿ ಮಾರ್ಪಟ್ಟ ಈ ದಾರಿಯಲ್ಲಿ ಅವರ ನಿರ್ದೇಶನದ ಬೆಳವಣಿಗೆಯೆಲ್ಲ ಕಾಣುತ್ತದೆ.

ಹೆಸರಿನ ಫಲಕವನ್ನಷ್ಟೇ ನಂಬಬಾರದು. ‘ಸ್ಟೀಮ್‌ಬೋಟ್ ಬಿಲ್, ಜೂನಿಯರ್’ಗೆ ನಿರ್ದೇಶಕರೆಂದು ದಾಖಲಾಗಿರುವವರು ಚಾರ್ಲ್ಸ್ ರೈಸ್ನರ್, ಆದರೂ ಅದರ ನಿರ್ದೇಶನದಲ್ಲಿ ಕೀಟನ್ ಅವರ ಕೈಯೂ ಇದೆ. 1926ರ ‘ದಿ ಜನರಲ್’ನಲ್ಲಿ ಕೀಟನ್ ಜೊತೆ ಕ್ಲೈಡ್ ಬ್ರಕ್‌ಮನ್ ಹೆಸರಿದೆ.

ಕೊನೆಗೆ, ಕೀಟನ್ ಹಾಲಿವುಡ್‌ನ ದೊಡ್ಡ ಚಿತ್ರನಿರ್ಮಾಣ ಸಂಸ್ಥೆಯಾದ ಎಂ.ಜಿ.ಎಂ. ಸೇರಿದ ಮೇಲೆ ಬಂದ 1928ರ ‘ದಿ ಕ್ಯಾಮೆರಾಮನ್’ ಮತ್ತು 1930ರ ವಾಕ್ಚಿತ್ರ ‘ಫ್ರೀ ಅಂಡ್ ಈಸಿ’ ಎರಡನ್ನೂ ಒಟ್ಟಿಗೆ ನೋಡಿ. ಎರಡರ ನಿರ್ದೇಶಕರೂ ಎಡ್ವರ್ಡ್ ಸೆಜ್ವಿಕ್. ಎರಡನೆಯದರಲ್ಲಿ ಮೈಯ ಕೆಲಸವನ್ನು ಮಾತು ಎಲ್ಲೆಲ್ಲಿ ಕಿತ್ತುಕೊಂಡಿದೆಯೆಂದು ಗುರುತು ಹಾಕಿಕೊಳ್ಳಿ. ಸ್ವಂತ ತಂಡವನ್ನೂ ತೀರ್ಮಾನದ ಅಧಿಕಾರವನ್ನೂ ಕಳೆದುಕೊಂಡ ಕಲಾವಿದರ ಸಂಕಟ ಆ ಗುರುತುಗಳಲ್ಲೇ ತಿಳಿಯುತ್ತದೆ.