ಇಳಿಯುವ ಮೊದಲು ಇಪ್ಪತ್ತು ನಿಮಿಷ

ಮುಲ್ಕಿಯ ಒಂದು ಸರ್ಫ್ ಕ್ಯಾಂಪಿಗೆ ನಾನು ಹೋದದ್ದು ನವೆಂಬರ್ ಕೊನೆಯಲ್ಲಿ. ಆಗ ನನಗೆ 37 ವರ್ಷ. ಹುಟ್ಟಿ ಬೆಳೆದದ್ದು ದಾವಣಗೆರೆ. ಈಜು ಕಲಿತದ್ದು ಬೆಂಗಳೂರಿನ ಈಜುಕೊಳದಲ್ಲಿ, ಅದೂ ಎರಡು ವರ್ಷದ ಹಿಂದೆ. ಒಂದು ತಿಂಗಳು ರಜೆ ಹಾಕಿ, ಅಲೆಯ ಮೇಲೆ ಒಂದು ಸಲವಾದರೂ ನಿಲ್ಲಬೇಕು ಅಂತ ಹೊರಟಿದ್ದೆ.

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಎಬ್ಬಿಸಿದರು. ಚಹಾ ಕುಡಿದು, ಒಂಬತ್ತು ಅಡಿಯ ಫೋಮ್ ಬೋರ್ಡನ್ನು ಇಬ್ಬಿಬ್ಬರು ಹಿಡಿದು ದಡಕ್ಕೆ ಹೊತ್ತೆವು. ಇನ್ನೇನು ನೀರಿಗೆ ಇಳಿಯುತ್ತೇವೆ ಅಂದುಕೊಂಡೆ. ಆದರೆ ಕಲಿಸುವ ಹುಡುಗ ಬೋರ್ಡ್ ಕೆಳಗಿಡಿಸಿ, ನಮ್ಮನ್ನು ಮರಳ ಮೇಲೆ ಕೂರಿಸಿದ. ಅವನಿಗೆ 23 ವರ್ಷ, ಅದೇ ಊರಿನ ಮೀನುಗಾರರ ಮನೆಯವನು.

"ಎಂತ ಕಾಣ್ತದೆ ಅಕ್ಕ?" ಅಂತ ಕೇಳಿದ.

"ಅಲೆ" ಅಂದೆ.

"ಎಲ್ಲಿ ಒಡೀತದೆ? ಎಲ್ಲಿ ಒಡೆಯುವುದಿಲ್ಲ?"

ನನಗೆ ಗೊತ್ತಾಗಲಿಲ್ಲ. ಎಲ್ಲಾ ಕಡೆ ಒಂದೇ ಥರ ನೀರು ಬರುತ್ತಿತ್ತು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆವು. ಆ ತಿಂಗಳು ಪೂರ್ತಿ, ಒಂದು ದಿನವೂ ತಪ್ಪದೆ, ಇಳಿಯುವ ಮೊದಲು ಈ ಇಪ್ಪತ್ತು ನಿಮಿಷ ಇತ್ತು. ಸರ್ಫಿಂಗ್ ಕಲಿಯಲು ಹೋಗುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದರ ಬಗ್ಗೆಯೇ.

ನೋಡ್ತಾ ನೋಡ್ತಾ ಮೂರನೇ ದಿನಕ್ಕೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು ಸಾಲಾಗಿ ಬಂದು ಒಡೆದು, ಆಮೇಲೆ ಸ್ವಲ್ಪ ಹೊತ್ತು ಕಡಲು ಸುಮ್ಮನಿರುತ್ತದೆ. ಒಳಗೆ ಹೋಗಬೇಕಾದದ್ದು ಆ ಬಿಡುವಿನಲ್ಲಿ. ಇದು ಗೊತ್ತಿಲ್ಲದೆ ಮೊದಲೆರಡು ದಿನ ದೊಡ್ಡ ಅಲೆಗಳಿಗೇ ಎದುರಾಗಿ ಹೋಗಿ, ಸವಾರಿ ಶುರುವಾಗುವ ಮೊದಲೇ ಸುಸ್ತಾಗಿದ್ದೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಸಮಯವನ್ನೂ ಎಣಿಸಲು ಹೇಳಿಕೊಟ್ಟರು. ಹನ್ನೆರಡು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಅದು ಬಹಳ ದೂರದಿಂದ, ತೆಂಕಣ ಹಿಂದೂ ಮಹಾಸಾಗರದ ಕಡೆಯಿಂದ ಬಂದ ಅಲೆ ಆಗಿರಬಹುದು. ಅಲ್ಲೆಲ್ಲೋ ಬಿರುಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಸಾಗಿ, ದಾರಿಯಲ್ಲಿ ಸಾಲುಗಟ್ಟಿ, ಇಲ್ಲಿ ಬಂದು ಒಡೆಯುತ್ತದೆ. ಆರೇಳು ಸೆಕೆಂಡಿಗೊಮ್ಮೆ ಬಂದರೆ ಅದು ಹತ್ತಿರದ ಗಾಳಿಯ ಕೆಲಸ; ಬಲ ಕಡಿಮೆ, ಗಜಿಬಿಜಿ ಜಾಸ್ತಿ.

ಬೆಳಿಗ್ಗೆ ಅಷ್ಟು ಬೇಗ ಯಾಕೆ ಅನ್ನುವುದಕ್ಕೂ ಗಾಳಿಯೇ ಕಾರಣ. ರಾತ್ರಿಯಿಡೀ ನೆಲ ತಣ್ಣಗಾಗಿರುತ್ತದೆ. ಹಾಗಾಗಿ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅದು ಅಲೆಯ ಮುಖವನ್ನು ನಯವಾಗಿ ಎತ್ತಿ ಹಿಡಿಯುತ್ತದೆ. ಬಿಸಿಲೇರಿ ಹತ್ತೂವರೆ, ಹನ್ನೊಂದರ ಹೊತ್ತಿಗೆ ಗಾಳಿ ತಿರುಗಿ ಕಡಲಿಂದ ಬರುತ್ತದೆ. ಅಲೆ ಕದಡಿಹೋಗುತ್ತದೆ. ಅಷ್ಟರೊಳಗೆ ನಾವು ಮೇಲೆ ಬಂದು ಬನ್ಸ್ ತಿನ್ನುತ್ತಿದ್ದೆವು.

ಮುಲ್ಕಿಯಲ್ಲಿ ಈ ಆಟ ಬೇರೂರಿದ್ದಕ್ಕೆ ಒಂದು ಕಥೆ ಇದೆ. ಫ್ಲಾರಿಡಾದಿಂದ ಬಂದ ಜಾಕ್ ಹೆಬ್ನರ್, ಎಲ್ಲರೂ 'ಸರ್ಫಿಂಗ್ ಸ್ವಾಮಿ' ಅಂತ ಕರೆಯುತ್ತಿದ್ದವರು, 2004ರಲ್ಲಿ ಇಲ್ಲೊಂದು ಆಶ್ರಮ ಕಟ್ಟಿದರು. ಮಂತ್ರ ಸರ್ಫ್ ಕ್ಲಬ್ ಅಲ್ಲೇ ಬೆಳೆಯಿತು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ಶಾಂಭವಿ, ನಂದಿನಿ ಎರಡೂ ನದಿಗಳು ಅಲ್ಲೇ ಸೇರಿ ಕಡಲಿಗೆ ಬೀಳುತ್ತವೆ. ನದಿ ತಂದ ಮರಳು ನೀರಿನೊಳಗೆ ದಿಬ್ಬವಾಗಿ ನಿಲ್ಲುತ್ತದೆ. ಅಲೆ ಒಡೆಯುವುದು ಆ ದಿಬ್ಬದ ಮೇಲೆ. ಮಳೆಗಾಲ ಕಳೆದ ಮೇಲೆ ದಿಬ್ಬದ ಜಾಗ ಬದಲಾಗಿರುತ್ತದೆ, ಹಾಗಾಗಿ ಹೋದ ವರ್ಷ ನೋಡಿದ ಅಲೆ ಈ ವರ್ಷ ಅಲ್ಲೇ ಸಿಗುತ್ತದೆ ಅನ್ನುವ ಹಾಗಿಲ್ಲ. ಕಡಲನ್ನು ಪ್ರತಿದಿನ ಹೊಸದಾಗಿ ನೋಡಲೇಬೇಕು.

ನಾನು ತಪ್ಪು ಮಾಡಿದ್ದು ಹತ್ತನೇ ದಿನ. ಆಗಲೇ ಒಡೆದು ದಡಕ್ಕೆ ಬರುವ ನೊರೆ ಅಲೆಯಲ್ಲಿ ಮೂರ್ನಾಲ್ಕು ಸಲ ಎದ್ದು ನಿಂತಿದ್ದೆ. ಧೈರ್ಯ ಬಂದಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಒಬ್ಬರೇ ಇಳಿಯಬಾರದು ಅಂತ ಹೇಳಿದ್ದರೂ, ಬೋರ್ಡ್ ತೆಗೆದುಕೊಂಡು ನದಿ ಕಡಲು ಸೇರುವ ಅಳಿವೆಯ ಕಡೆ ನಡೆದೆ. ಅಲ್ಲಿ ಒಂದು ಕಡೆ ಅಲೆಯೇ ಒಡೆಯುತ್ತಿರಲಿಲ್ಲ. ನೀರು ಸಪಾಟಾಗಿ, ಸ್ವಲ್ಪ ಕಪ್ಪಗೆ ಕಾಣುತ್ತಿತ್ತು. ಇಳಿಯಲು ಒಳ್ಳೆಯ ಜಾಗ ಅನ್ನಿಸಿತು.

ಅದು ನೀರು ಹೊರಗೆ ಹರಿಯುವ ದಾರಿ. ಅಲೆಗಳು ದಡಕ್ಕೆ ತಂದ ನೀರು ಎಲ್ಲೋ ಒಂದು ಕಡೆ ವಾಪಸ್ ಹೋಗಬೇಕಲ್ವಾ? ಆಳ ಜಾಸ್ತಿ ಇರುವ ಓಣಿ ಹಿಡಿದು ಹೋಗುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತದೆ. ಅದರ ಜೊತೆಗೆ ಆಗ ಇಳಿತದ ಹೊತ್ತು. ಎರಡು ನದಿಗಳ ನೀರೂ ಅಳಿವೆ ಬಾಗಿಲಿನಿಂದ ರಭಸದಲ್ಲಿ ಹೊರಗೆ ಹೋಗುತ್ತಿತ್ತು.

ಕೆಲವೇ ನಿಮಿಷದಲ್ಲಿ ದಡದ ತೆಂಗಿನಮರಗಳು ಚಿಕ್ಕದಾದವು. ದಡದ ಕಡೆ ಮುಖ ಮಾಡಿ ಬಲವಾಗಿ ಕೈ ಬೀಸಿದೆ. ಒಂದಡಿಯೂ ಮುಂದೆ ಹೋಗಲಿಲ್ಲ. ಭುಜ ಸೋತವು, ಗಂಟಲು ಒಣಗಿತು. ಅಮ್ಮನ ನೆನಪಾಯಿತು. ಆಮೇಲೆ ಹುಡುಗ ದಿನಾ ಹೇಳುತ್ತಿದ್ದ ಮಾತು ತಲೆಗೆ ಬಂತು: ಬೋರ್ಡ್ ಬಿಡಬಾರದು, ಹರಿವಿಗೆ ಎದುರು ಹೋಗಬಾರದು, ಅಡ್ಡಕ್ಕೆ ಹೋಗಬೇಕು. ದಡಕ್ಕೆ ಸಮವಾಗಿ ಬಲಗಡೆಗೆ, ಬಿಳಿ ನೊರೆ ಕಾಣುವ ಕಡೆ ನಿಧಾನವಾಗಿ ಕೈ ಹಾಕಿದೆ. ನೊರೆ ಸಿಕ್ಕ ಮೇಲೆ ಅಲೆಗಳೇ ತಳ್ಳಿ ತಂದು ದಡಕ್ಕೆ ಹಾಕಿದವು.

ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಜನ ಎಳೆಯುವ ಮೀನುಗಾರಿಕೆ ಅದು. ಹಗ್ಗ ಹಿಡಿದಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು.

"ಇಳಿತದಲ್ಲಿ ಅಳಿವೆಗೆ ಎಂತಕ್ಕೆ ಹೋದದ್ದು ಮಾರಾಯ್ರೆ? ದೋಣಿ ಕಳಿಸುವ ಅಂತ ಇದ್ದೆವು ನಾವು" ಅಂದರು.

ನನ್ನ ಕೈಕಾಲು ನಡುಗುತ್ತಿತ್ತು. ಅವರು ಬೈಯಲಿಲ್ಲ. ಕೂತು ಸುಧಾರಿಸಿಕೊಳ್ಳಲು ಹೇಳಿದರು. ಆಮೇಲೆ ಕೈ ಚಾಚಿ ತೋರಿಸಿದರು: ಇಲ್ಲಿ ನೀರಿನ ಬಣ್ಣ ನೋಡಿ, ಅಲ್ಲಿ ನೊರೆ ಹೊರಗೆ ಹೋಗುವುದು ನೋಡಿ, ನಾಳೆ ಇಳಿತ ಇವತ್ತಿಗಿಂತ ಮುಕ್ಕಾಲು ಗಂಟೆ ತಡ. ಸರ್ಫಿಂಗ್ ಹುಡುಗ ಹೇಳಿಕೊಟ್ಟದ್ದನ್ನೇ ಅವರೂ ಹೇಳುತ್ತಿದ್ದರು. ಹುಡುಗನಿಗೆ ಇದು ಎಲ್ಲಿಂದ ಬಂತು ಅಂತ ನನಗೆ ಆಗ ತಿಳಿಯಿತು. ಬೋರ್ಡ್ ಹೊರಗಿನಿಂದ ಬಂದಿರಬಹುದು, ಕಡಲು ಓದುವ ವಿದ್ಯೆ ಈ ಊರಿನ ಮನೆಗಳಲ್ಲಿ ಮೊದಲೇ ಇತ್ತು.

ರಾತ್ರಿ ಕ್ಯಾಂಪಿನಲ್ಲಿ ವಿಷಯ ಹೇಳಿ ಕ್ಷಮೆ ಕೇಳಿದೆ. ಮಾರನೆ ದಿನ ನನ್ನನ್ನು ನೀರಿಗೆ ಬಿಡಲಿಲ್ಲ. ಸರಿಯಾದ ನಿರ್ಧಾರ.

ಆ ದಿನ ಬೋರ್ಡ್ ರಿಪೇರಿಗೆ ಕೂತೆ. ಫೈಬರ್ ಬೋರ್ಡಿಗೆ ಚಿಕ್ಕ ತೂತು ಬಿದ್ದರೂ ಒಳಗಿನ ಫೋಮ್ ನೀರು ಕುಡಿಯುತ್ತದೆ. ಮೊದಲು ನೆರಳಲ್ಲಿ ಪೂರ್ತಿ ಒಣಗಿಸಬೇಕು. ಅವಸರ ಮಾಡಿ ಮುಚ್ಚಿದರೆ ನೀರು ಒಳಗೇ ಉಳಿದು ಹಾಳಾಗುತ್ತದೆ. ಆಮೇಲೆ ಸುತ್ತಲೂ ಉಪ್ಪುಕಾಗದದಲ್ಲಿ ಉಜ್ಜಿ, ಗ್ಲಾಸ್ ಬಟ್ಟೆ ಇಟ್ಟು, ರೆಸಿನ್ ಅನ್ನುವ ಅಂಟು ಹಚ್ಚಿ, ಗಟ್ಟಿಯಾದ ಮೇಲೆ ಮತ್ತೆ ಉಜ್ಜಬೇಕು. ಈ ಕೆಲಸ ನನಗೆ ತುಂಬಾ ಹಿಡಿಸಿತು.

ಕ್ಯಾಂಪಿನ ದಿನಚರಿ ಬಹಳ ಸರಳ. ಆರು ಜನರ ಕೋಣೆ, ಸೊಳ್ಳೆಪರದೆ, ಬಾಗಿಲಲ್ಲಿ ಕಾಲು ತೊಳೆಯಲು ಬಕೆಟ್ಟು. ಎಷ್ಟು ತೊಳೆದರೂ ಹಾಸಿಗೆಯಲ್ಲಿ ಮರಳು. ಅಡುಗೆಯ ಅಕ್ಕ ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು, ಮೀನು ತಿನ್ನದವರಿಗೆ ಹರಿವೆ ಸೊಪ್ಪಿನ ಪಲ್ಯ ಮಾಡುತ್ತಿದ್ದರು. ಅಲೆ ಇಲ್ಲದ ದಿನ ಶಾಂಭವಿ ನದಿಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕುತ್ತಿದ್ದೆವು. ಸಂಜೆ ಹುಡುಗರ ಮಾತೆಲ್ಲ ಸರ್ಫಿಂಗ್‌ದೇ. 2025ರ ಆಗಸ್ಟಿನಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದದ್ದನ್ನು ತಮ್ಮ ಮನೆಯವನೇ ಗೆದ್ದ ಹಾಗೆ ಹೇಳುತ್ತಿದ್ದರು.

ನಿಲ್ಲುವ ವಿಷಯಕ್ಕೆ ಬರುತ್ತೇನೆ. ಯಾವ ಕಾಲು ಮುಂದೆ ಅಂತ ತಿಳಿಯಲು ಹಿಂದಿನಿಂದ ಮೆಲ್ಲಗೆ ತಳ್ಳುತ್ತಾರೆ. ತಡೆಯಲು ಯಾವ ಕಾಲು ಮುಂದಿಡುತ್ತೀರೋ ಸಾಮಾನ್ಯವಾಗಿ ಅದೇ. ಹಿಂದಿನ ಕಾಲಿಗೆ ಲೀಶ್, ಅಂದರೆ ಬೋರ್ಡ್ ಕೈತಪ್ಪಿ ಹೋಗದ ಹಾಗೆ ಹಿಡಿದಿಡುವ ಹಗ್ಗ, ಕಟ್ಟಬೇಕು. ಬೋರ್ಡಿನ ಮೇಲೆ ತುಂಬಾ ಮುಂದೆ ಮಲಗಿದರೆ ಅದರ ಮೂತಿ ನೀರಿಗೆ ಹೊಕ್ಕು ಮಗುಚುತ್ತದೆ. ತುಂಬಾ ಹಿಂದೆ ಮಲಗಿದರೆ ಅಲೆ ನಿಮ್ಮನ್ನು ಬಿಟ್ಟು ಹೋಗುತ್ತದೆ. ಮೂತಿ ನೀರಿನಿಂದ ಎರಡು ಮೂರು ಇಂಚು ಮೇಲಿದ್ದರೆ ಸರಿ. ಅಲೆ ಹಿಂದಿನಿಂದ ಎತ್ತಿದ್ದು ಗೊತ್ತಾದ ಮೇಲೂ ಎರಡು ಸಲ ಕೈ ಬೀಸಿ, ಆಮೇಲೆ ಏಳಿ. ನಾನು ಬೇಗ ಎದ್ದು ಎದ್ದೇ ಜಾಸ್ತಿ ಬಿದ್ದದ್ದು. ಮೊಣಕಾಲೂರಿ ಏಳುವ ಅಭ್ಯಾಸ ಒಮ್ಮೆ ಬಂದರೆ ಬಿಡುವುದು ಕಷ್ಟ, ಮರಳಲ್ಲೇ ಒಂದೇ ನೆಗೆತಕ್ಕೆ ಏಳುವುದನ್ನು ಕಲಿತುಬಿಡಿ. ಕಣ್ಣು ದಡದ ಮೇಲಿರಲಿ, ಕಾಲು ನೋಡಿದಿರೋ ಬಿದ್ದಿರಿ. ಬೀಳುವಾಗ ತಲೆ ಮುಂದೆ ಮಾಡಿ ಧುಮುಕಬೇಡಿ, ಚಪ್ಪಟೆಯಾಗಿ ಬಿದ್ದು, ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೊಳ್ಳಿ.

ಒಡೆಯದ ಹಸಿರು ಅಲೆ ನನಗೆ ಸಿಕ್ಕಿದ್ದು 22ನೇ ದಿನ. ಐದಾರು ಸೆಕೆಂಡು ಇರಬಹುದು. ಕೆಳಗೆ ನೀರು ಗಾಜಿನ ಹಾಗೆ ಜಾರುತ್ತಿತ್ತು, ಸದ್ದೇ ಇರಲಿಲ್ಲ. ದಡಕ್ಕೆ ಬಂದು ಅತ್ತುಬಿಟ್ಟೆ.

ಕೊನೆಯ ಬೆಳಿಗ್ಗೆ ಎಂದಿನ ಹಾಗೆ ಮರಳಲ್ಲಿ ಕೂತೆವು. ಹುಡುಗ ಏನೂ ಹೇಳಲಿಲ್ಲ. ತುಂಬಾ ಹೊತ್ತಾದ ಮೇಲೆ, "ಎಲ್ಲಿ ಇಳಿಯುವ ಅಕ್ಕ?" ಅಂತ ನನ್ನನ್ನೇ ಕೇಳಿದ.

ಎಡಗಡೆ ನೊರೆಯ ಅಂಚನ್ನು ತೋರಿಸಿದೆ. ಅಲ್ಲಿಂದ ಹೊರಗೆ ಹೋಗಿ, ದಿಬ್ಬದ ಬಲಕ್ಕೆ ಕಾಯೋಣ ಅಂದೆ. ಅವನು ತಲೆಯಾಡಿಸಿ ಬೋರ್ಡಿಗೆ ಕೈ ಹಾಕಿದ. ದೂರದಲ್ಲಿ ಗೆರೆ ಗೆರೆಯಾಗಿ ಏನೋ ಏಳುವುದು ಕಂಡಿತು.

"ಇರು, ದೊಡ್ಡವು ಬರ್ತಾ ಇವೆ" ಅಂದೆ.

ಅವನು ಮತ್ತೆ ಕೂತ. ಒಂದು, ಎರಡು, ಮೂರು ಅಂತ ಇಬ್ಬರೂ ಎಣಿಸತೊಡಗಿದೆವು.