35.5 ತೂಕದ ಕ್ಲೋರಿನ್ ಪರಮಾಣು ಎಲ್ಲಿದೆ?

ಒಂಬತ್ತನೇ ಕ್ಲಾಸಿಗೆ ಐಸೋಟೋಪ್ ಪಾಠ ಮಾಡುವಾಗ ನಾನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ ಕ್ಲೋರಿನ್ ಅಂತ ಬರೆದು, ಪಕ್ಕದಲ್ಲಿ 35.5 ಹಾಕಿ ಸುಮ್ನೆ ನಿಲ್ಲುತ್ತೇನೆ. ಅಷ್ಟರಲ್ಲಿ ಮಕ್ಕಳಿಗೆ ಇಷ್ಟು ಗೊತ್ತಿರುತ್ತದೆ: ಪ್ರೋಟಾನಿನ ತೂಕ ಒಂದು, ನ್ಯೂಟ್ರಾನಿನದೂ ಒಂದು ಅಂತ ಹಿಡಿಯಬೇಕು. ಎಲೆಕ್ಟ್ರಾನ್ ತೂಗುವುದು ಪ್ರೋಟಾನಿನ 1,836ರಲ್ಲಿ ಒಂದು ಪಾಲು, ಹಾಗಾಗಿ ಲೆಕ್ಕಕ್ಕಿಲ್ಲ. ಕ್ಲೋರಿನ್ನಿಗೆ 17 ಪ್ರೋಟಾನ್. ಹಾಗಾದರೆ ನ್ಯೂಟ್ರಾನ್ ಎಷ್ಟು? ಯಾರಾದರೂ ಕಳೆದು ನೋಡಿ "ಹದಿನೆಂಟೂವರೆ ಸರ್" ಅನ್ನುತ್ತಾರೆ. ಹಿಂದಿನ ಬೆಂಚಿನಿಂದ "ಅರ್ಧ ನ್ಯೂಟ್ರಾನ್ ಇರುತ್ತೇನೋ?" ಅಂತ ನಗು ಬರುತ್ತದೆ. ನನಗೆ ಬೇಕಾದ್ದೂ ಅದೇ.

ಈ ಅರ್ಧ ದೊಡ್ಡದೊಡ್ಡವರನ್ನೂ ಕಾಡಿದೆ. ಎಲ್ಲ ಧಾತುಗಳ ತೂಕವೂ ಹೈಡ್ರೋಜನ್ನಿನ ಎರಡರಷ್ಟು, ಮೂರರಷ್ಟು, ಹೀಗೆ ಪೂರ್ತಿ ಸಂಖ್ಯೆಯಲ್ಲೇ ಇರಬೇಕು ಅಂತ 1815ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ಹೇಳಿದ. ಎಷ್ಟೋ ಧಾತುಗಳಿಗೆ ಅದು ಹೊಂದುತ್ತಿತ್ತು. ಕ್ಲೋರಿನ್ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಎಷ್ಟು ಶುದ್ಧ ಮಾಡಿ ತೂಗಿದರೂ ಮೂವತ್ತೈದೂವರೆಯ ಹತ್ತಿರವೇ. ನೂರು ವರ್ಷ ದಾಟಿದ ಮೇಲೆ, 1919ರಲ್ಲಿ, ಕೇಂಬ್ರಿಜ್‌ನ ಕ್ಯಾವೆಂಡಿಷ್ ಲ್ಯಾಬಿನಲ್ಲಿ ಫ್ರಾನ್ಸಿಸ್ ಆಸ್ಟನ್ ತೂಕದ ಪ್ರಕಾರ ಪರಮಾಣುಗಳನ್ನು ಬೇರ್ಪಡಿಸುವ ಯಂತ್ರ ಕಟ್ಟಿದ. ಕ್ಲೋರಿನ್ ಹಾಕಿದರೆ 35ರಲ್ಲಿ ಒಂದು ಗೆರೆ ಬಂತು, 37ರಲ್ಲಿ ಇನ್ನೊಂದು. 35.5ರಲ್ಲಿ ಏನೂ ಇಲ್ಲ. 1922ರಲ್ಲಿ ಆಸ್ಟನ್ನನಿಗೆ ನೊಬೆಲ್ ಬಂತು.

ಇದಿಷ್ಟು ಕಥೆ. ಆದರೆ ಕಥೆ ಕೇಳಿದರೆ ಲೆಕ್ಕ ಬರುವುದಿಲ್ಲವಲ್ಲ. ಅದಕ್ಕೆ ನಾನು ಒಂದು ರೂಪಾಯಿ ನಾಣ್ಯಗಳನ್ನು ತರುತ್ತೇನೆ. 1992ರ ನಂತರ ಬಂದ ದೊಡ್ಡ ಸ್ಟೀಲ್ ನಾಣ್ಯ 4.85 ಗ್ರಾಂ ತೂಗುತ್ತದೆ. 2011ರಿಂದ ಬಂದ, ರೂಪಾಯಿ ಚಿಹ್ನೆಯ ಚಿಕ್ಕ ನಾಣ್ಯ ಸುಮಾರು 3.8 ಗ್ರಾಂ. ಅಂಗಡಿಯವನು ಎರಡಕ್ಕೂ ಒಂದೇ ಚಾಕೊಲೇಟ್ ಕೊಡುತ್ತಾನೆ. ಬೆಲೆ ಒಂದೇ, ತೂಕ ಬೇರೆ. ಐಸೋಟೋಪ್ ಅಂದರೆ ಇಷ್ಟೇ. ಧಾತು ಯಾವುದು ಅಂತ ಹೇಳುವುದು ಪ್ರೋಟಾನ್. ಪ್ರೋಟಾನ್ ಎಷ್ಟೋ ಎಲೆಕ್ಟ್ರಾನ್ ಅಷ್ಟೇ, ಹಾಗಾಗಿ ರಾಸಾಯನಿಕ ವ್ಯವಹಾರವೂ ಒಂದೇ. ನ್ಯೂಟ್ರಾನ್ ಹೆಚ್ಚಾದರೆ ತೂಕ ಹೆಚ್ಚುತ್ತದೆ. ನಾಣ್ಯದಲ್ಲಿ ಮಾತ್ರ ದೊಡ್ಡದು ಚಿಕ್ಕದು ಕಣ್ಣಿಗೆ ಕಾಣುತ್ತದೆ, ಪರಮಾಣುವಿನಲ್ಲಿ ಆ ವ್ಯತ್ಯಾಸ ಇಲ್ಲ. ಇದನ್ನು ಅಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ 37ರ ಕ್ಲೋರಿನ್ ದಪ್ಪ ಅಂತ ಉತ್ತರ ಪತ್ರಿಕೆಯಲ್ಲಿ ಬರುತ್ತದೆ.

ಈಗ 30 ಚಿಕ್ಕ ನಾಣ್ಯ, 10 ದೊಡ್ಡ ನಾಣ್ಯ ಒಂದು ಬಟ್ಟೆ ಚೀಲಕ್ಕೆ ಹಾಕುತ್ತೇನೆ. ಕ್ಲೋರಿನ್ನಿನ ಹಾಗೆ ಮೂರಕ್ಕೆ ಒಂದು. ಚೀಲದ ತೂಕ ಕಳೆದರೆ 162.5 ಗ್ರಾಂ. 40ರಿಂದ ಭಾಗಿಸಿದರೆ 4.06. "ಇದರಲ್ಲಿ 4.06 ಗ್ರಾಮಿನ ನಾಣ್ಯ ಹುಡುಕಿ ಕೊಡ್ರೋ" ಅಂದರೆ ಕ್ಲಾಸಿಗೆ ಕ್ಲಾಸೇ ನಗುತ್ತದೆ. 35.5ರ ಗುಟ್ಟು ಅಲ್ಲಿಗೆ ರಟ್ಟು.

ನನಗೆ ಜಾಸ್ತಿ ಇಷ್ಟ ಇದರ ಉಲ್ಟಾ ಲೆಕ್ಕ. ಚೀಲದ ಬಾಯಿ ಕಟ್ಟಿ ಕೊಡುತ್ತೇನೆ. ಒಟ್ಟು 40 ನಾಣ್ಯ, 162.5 ಗ್ರಾಂ. ಬಿಚ್ಚದೆ ದೊಡ್ಡವು ಎಷ್ಟು ಅಂತ ಹೇಳಬೇಕು. ಎಲ್ಲವೂ ಚಿಕ್ಕವೇ ಆಗಿದ್ದರೆ 152 ಗ್ರಾಂ ಇರುತ್ತಿತ್ತು. ಹತ್ತೂವರೆ ಗ್ರಾಂ ಹೆಚ್ಚಿದೆ. ಒಂದು ಚಿಕ್ಕದನ್ನು ತೆಗೆದು ದೊಡ್ಡದು ಹಾಕಿದರೆ 1.05 ಹೆಚ್ಚುತ್ತದೆ. ಹಾಗಾಗಿ ಹತ್ತು. ಪಠ್ಯಪುಸ್ತಕದಲ್ಲಿ 16 ಮತ್ತು 18ರ ಐಸೋಟೋಪ್ ಕೊಟ್ಟು, ಸರಾಸರಿ 16.2 ಆದರೆ ಶೇಕಡಾವಾರು ಎಷ್ಟು ಅಂತ ಕೇಳುತ್ತಾರಲ್ಲ, ಅದೂ ಇದೇ. 16ಕ್ಕಿಂತ ಹೆಚ್ಚಿರುವುದು 0.2, ಎರಡರ ನಡುವಿನ ಅಂತರ 2. ಭಾಗಿಸಿದರೆ 0.1, ಅಂದರೆ ನೂರಕ್ಕೆ ಹತ್ತು. ಎಕ್ಸ್, ವೈ ಇಟ್ಟುಕೊಂಡು ಒದ್ದಾಡುವ ಮಕ್ಕಳೂ ಇದನ್ನು ಬಾಯಲ್ಲೇ ಮಾಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಹಂತಗಳನ್ನು ಬರೆಯಿರಿ ಅನ್ನುತ್ತೇನೆ.

ಈ ಅಡ್ಡದಾರಿ ಕೈಕೊಡುವ ಜಾಗವೂ ಒಂದಿದೆ, ಬ್ರೋಮಿನ್. ಅದರಲ್ಲಿ 79 ಮತ್ತು 81 ಅಂತ ಎರಡೇ ಐಸೋಟೋಪ್, ಸರಾಸರಿ 79.904. ನಮ್ಮ ಲೆಕ್ಕದಂತೆ 0.904 ಭಾಗಿಸು 2, ಅಂದರೆ 81ರದು ಶೇಕಡಾ 45. ಆದರೆ ನಿಜವಾಗಿ ಅದು ಶೇಕಡಾ 49.3, ಹೆಚ್ಚುಕಡಿಮೆ ಅರ್ಧಕ್ಕರ್ಧ. ಚುರುಕಾದ ಮಕ್ಕಳು ಇದನ್ನು ಹಿಡಿದುಬಿಡುತ್ತಾರೆ: "ಸರ್, ಲೆಕ್ಕ ತಪ್ಪಾ, ಪುಸ್ತಕ ತಪ್ಪಾ?" ಎರಡೂ ಅಲ್ಲ. 79 ಅನ್ನುವುದು ಪ್ರೋಟಾನು, ನ್ಯೂಟ್ರಾನುಗಳ ಎಣಿಕೆ, ತೂಕ ಅಲ್ಲ. ಕಾರ್ಬನ್-12ರ ಹನ್ನೆರಡನೇ ಒಂದು ಭಾಗವನ್ನು ಒಂದು ಅಂತ ಹಿಡಿದು ಅಳೆಯುವುದು 1961ರಿಂದ ಬಂದ ಪದ್ಧತಿ. ಆ ಅಳತೆಯಲ್ಲಿ ಬ್ರೋಮಿನ್-79ರ ತೂಕ 78.918, ಇನ್ನೊಂದರದು 80.916. ಪ್ರೋಟಾನು, ನ್ಯೂಟ್ರಾನುಗಳು ನ್ಯೂಕ್ಲಿಯಸ್ಸಿನಲ್ಲಿ ಕಟ್ಟಿಕೊಳ್ಳುವಾಗ ಒಂದಿಷ್ಟು ಶಕ್ತಿ ಹೊರಗೆ ಹೋಗುತ್ತದೆ, ಅದರ ಜೊತೆ ಅಷ್ಟು ತೂಕವೂ ಹೋಗುತ್ತದೆ. ಬ್ರೋಮಿನ್ ಕಾರ್ಬನ್ನಿಗಿಂತ ಬಿಗಿಯಾಗಿ ಕಟ್ಟಿಕೊಂಡಿದೆ, ಅದಕ್ಕೇ 79ಕ್ಕೆ ಚೂರು ಕಡಿಮೆ. ಈ ಅಂಕಿ ಹಾಕಿ ಮತ್ತೆ ಮಾಡಿದರೆ 0.986 ಭಾಗಿಸು 1.998. ಈಗ ಸರಿಯಾಗಿ 49.3 ಬರುತ್ತದೆ. ಇದು ಸಿಲಬಸ್ಸಿನಲ್ಲಿಲ್ಲ. ಹತ್ತು ನಿಮಿಷ ಹೋಗುತ್ತದೆ, ಹೋಗಲಿ ಬಿಡಿ.

ಐಸೋಟೋಪುಗಳ ರಾಸಾಯನಿಕ ಗುಣ ಒಂದೇ ಅಂತ ಹೇಳುವಾಗ ಹೈಡ್ರೋಜನ್ ಬಗ್ಗೆ ಸ್ವಲ್ಪ ಹುಷಾರಾಗಿರುತ್ತೇನೆ. ಅಲ್ಲಿ ಒಂದು ನ್ಯೂಟ್ರಾನ್ ಸೇರಿದರೆ ತೂಕವೇ ಎರಡರಷ್ಟು. ಅಂಥ ಹೈಡ್ರೋಜನ್ನಿನಿಂದಾದ ಭಾರಜಲ 3.8 ಡಿಗ್ರಿಗೇ ಗಟ್ಟಿಯಾಗುತ್ತದೆ, ಅದರ ಐಸ್ ತುಂಡು ಮಾಮೂಲಿ ನೀರಿನಲ್ಲಿ ಮುಳುಗುತ್ತದೆ. ನಮ್ಮ ಕೈಗಾದ ರಿಯಾಕ್ಟರುಗಳಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸಲು ಬಳಸುವುದು ಇದೇ ನೀರು.

ಪಾಠ ಮುಗಿದ ಮೇಲೆ ಮನೆಗೆ ಕೊಡುವ ಕೆಲಸ ಒಂದೇ: ಆವರ್ತಕ ಕೋಷ್ಟಕದಲ್ಲಿ ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಆಮೇಲೆ ಬರುವ ಜೋಡಿ ಹುಡುಕಿಕೊಂಡು ಬನ್ನಿ. ಕೋಬಾಲ್ಟ್–ನಿಕಲ್, ಟೆಲ್ಲುರಿಯಂ–ಅಯೋಡಿನ್ ಜೋಡಿಗಳು ಕೆಲವರಿಗೆ ಸಿಗುತ್ತವೆ. ಎಲ್ಲರಿಗೂ ಸಿಗುವುದು ಆರ್ಗಾನ್–ಪೊಟ್ಯಾಸಿಯಂ: 39.95 ಮೊದಲು, 39.10 ಆಮೇಲೆ. ಪ್ರೋಟಾನ್ ಎಣಿಸಿದರೆ 18, 19, ಸರಿಯಾಗೇ ಇದೆ. ಮತ್ತೆ ಆರ್ಗಾನಿಗೆ ಅಷ್ಟು ತೂಕ ಎಲ್ಲಿಂದ ಬಂತು? ಗಾಳಿಯಲ್ಲಿರುವ ಆರ್ಗಾನಿನಲ್ಲಿ ಶೇಕಡಾ 99.6ರಷ್ಟು 40ರ ಐಸೋಟೋಪೇ. ಅದು ಹುಟ್ಟಿದ್ದು ಬಂಡೆಗಳಲ್ಲಿರುವ ಪೊಟ್ಯಾಸಿಯಂ-40 ಕೋಟ್ಯಂತರ ವರ್ಷ ನಿಧಾನಕ್ಕೆ ಕ್ಷಯಿಸುತ್ತಾ ಬಂದದ್ದರಿಂದ.