ಒಂದೇ ಟಿವಿಯಲ್ಲಿ ಮೂರು ಆಟ ನೋಡುವುದು ಹೇಗೆ

ಜುಲೈ ಮಧ್ಯದ ಭಾನುವಾರ ಬಂತೆಂದರೆ ನನಗೆ ತಳಮಳ. ವಿಂಬಲ್ಡನ್ ಟೆನಿಸ್ ಫೈನಲ್ ಅವತ್ತೇ ಇರುತ್ತದೆ, ಜೊತೆಗೆ ಇನ್ನೊಂದು ದೊಡ್ಡ ಪಂದ್ಯ ಬಂದು ವಕ್ಕರಿಸುತ್ತದೆ. 2018ರಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್, 2024ರಲ್ಲಿ ಯೂರೋ ಫೈನಲ್. ಆದರೆ 2019ರ ಜುಲೈ 14ರ ಲೆಕ್ಕವೇ ಬೇರೆ. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ನಡುವೆ ಕ್ರಿಕೆಟ್ ವಿಶ್ವಕಪ್ ಫೈನಲ್, ವಿಂಬಲ್ಡನ್‌ನಲ್ಲಿ ಫೆಡರರ್ ಮತ್ತು ಜೊಕೊವಿಚ್, ಸಿಲ್ವರ್‌ಸ್ಟೋನ್‌ನಲ್ಲಿ ಎಫ್1 ಕಾರ್ ರೇಸ್. ತಿಪಟೂರಿನ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಟಿವಿ. ಅವತ್ತು ನಾನು ಎಡವಿದ ಕಡೆ ನೀವು ಎಡವಬೇಡಿ.

ಮೊದಲು, ಯಾವ ಆಟಕ್ಕೆ ಜೀವ ಬಿಡುತ್ತೀರಿ ಅಂತ ಬೆಳಿಗ್ಗೆಯೇ ತೀರ್ಮಾನ ಮಾಡಿ. ಮೂರಕ್ಕೂ ಬಿಡಲು ಆಗುವುದಿಲ್ಲ. ನನ್ನದು ಫೆಡರರ್. ಕ್ರಿಕೆಟ್ ಕಡೆ ಅಪ್ಪನಿಗೆ ಆಸಕ್ತಿಯೇ ಇರಲಿಲ್ಲ. ನಾಲ್ಕು ದಿನದ ಹಿಂದೆ ಸೆಮಿಫೈನಲ್‌ನಲ್ಲಿ ಭಾರತ ನ್ಯೂಜಿಲೆಂಡ್ ಎದುರು 18 ರನ್‌ಗಳಿಂದ ಸೋತಿತ್ತು. "ನಮ್ಮೋರೇ ಇಲ್ದಿದ್ಮೇಲೆ ಏನ್ ನೋಡ್ತೀಯೋ" ಅಂದು ಮಲಗಿದರು. ಟಿವಿ ನನ್ನದೇ ಅಂದುಕೊಂಡೆ. ಅದು ಮೊದಲನೇ ತಪ್ಪು.

ಸಮಯವನ್ನು ನಮ್ಮ ಗಡಿಯಾರಕ್ಕೆ ಇಳಿಸಿ ಬರೆದಿಟ್ಟುಕೊಳ್ಳಿ. ಜುಲೈನಲ್ಲಿ ಇಂಗ್ಲೆಂಡ್ ಸಮಯಕ್ಕೆ ನಾಲ್ಕೂವರೆ ಗಂಟೆ ಸೇರಿಸಿದರೆ ಆಯಿತು. ಅವತ್ತು ಕ್ರಿಕೆಟ್ ಮಧ್ಯಾಹ್ನ ಮೂರರ ಸುಮಾರಿಗೆ, ಟೆನಿಸ್ ಆರೂವರೆಗೆ, ರೇಸ್ ಆರು ನಲವತ್ತಕ್ಕೆ. ನ್ಯೂಜಿಲೆಂಡ್ 241 ಹೊಡೆದು ಮುಗಿಸುವ ಹೊತ್ತಿಗೆ ಉಳಿದೆರಡೂ ಶುರು. ಆ ಬಿಡುವೇ ಮೊದಲ ಲಾಭ.

ಇನ್ನು ಪ್ರತಿ ಆಟವೂ ಎಲ್ಲಿ ಉಸಿರು ಬಿಡುತ್ತದೆ ಅಂತ ಗೊತ್ತಿರಬೇಕು. ಟೆನಿಸ್‌ನಲ್ಲಿ ಆಟಗಾರರು ಬದಿ ಬದಲಿಸಿ ಕುಳಿತಾಗ 90 ಸೆಕೆಂಡ್ ಸಿಗುತ್ತದೆ, ಸೆಟ್ ಮುಗಿದರೆ ಎರಡು ನಿಮಿಷ. ರೇಸ್‌ನಲ್ಲಿ ಮೊದಲ ಲ್ಯಾಪ್, ಟೈರ್ ಬದಲಿಸುವ ಹೊತ್ತು, ಕೊನೆಯ ಐದು ಲ್ಯಾಪ್ ನೋಡಿದರೆ ಮುಕ್ಕಾಲು ಕಥೆ ಸಿಕ್ಕಂತೆ. ಕ್ರಿಕೆಟ್‌ನಲ್ಲಿ ಬೌಲರ್ ನೋಡಿ ಚಾನೆಲ್ ಬದಲಿಸಿ. ನ್ಯೂಜಿಲೆಂಡ್‌ನ ಡಿ ಗ್ರಾಂಡ್‌ಹೋಮ್ ಬೌಲ್ ಮಾಡುವಾಗ ನಾನು ನಿಶ್ಚಿಂತೆಯಿಂದ ಟೆನಿಸ್‌ಗೆ ಹೋಗುತ್ತಿದ್ದೆ. 10 ಓವರ್‌ಗೆ ಬರೀ 25 ರನ್ ಕೊಟ್ಟ ಪುಣ್ಯಾತ್ಮ.

ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ಎರಡೂ ಯುಪಿಎಸ್ ಲೈನಿನಲ್ಲಿ ಇರಲಿ. ನಮ್ಮಲ್ಲಿ ಬಾಕ್ಸ್ ಆ ಲೈನಿನಲ್ಲಿ ಇರಲಿಲ್ಲ. ಕರೆಂಟ್ ಹೋಗಿ ಬರುವಷ್ಟರಲ್ಲಿ ರೇಸ್‌ನಲ್ಲಿ ವೆಟ್ಟೆಲ್ ಹಿಂದಿನಿಂದ ವೆರ್‌ಸ್ಟಾಪನ್‌ಗೆ ಗುದ್ದಿ ಆಗಿತ್ತು.

ಫೋನ್ ಮಾಡುವವರಿಗೆ ನೀವೇ ಸಂಜೆ ಐದಕ್ಕೆ ಮಾಡಿಬಿಡಿ. ಅದು ನಮ್ಮ ಮದುವೆಯಾದ ಮೊದಲ ಆಷಾಢ, ಹೆಂಡತಿ ಅರಸೀಕೆರೆಯ ತವರಿನಲ್ಲಿದ್ದಳು. ದಿನಾ ರಾತ್ರಿ ಒಂಬತ್ತೂವರೆಗೆ ಅವಳ ಫೋನ್. "ರೀ, ಊಟ ಆಯ್ತಾ?" ಅಂತ ಕೇಳುವಾಗ ಜೊಕೊವಿಚ್ ಎರಡು ಸೆಟ್ ಗೆದ್ದು, ಫೆಡರರ್ ನಾಲ್ಕನೇ ಸೆಟ್‌ಗೆ ಒದ್ದಾಡುತ್ತಿದ್ದ. ನಾನು "ಔಟ್!" ಅಂದೆ. ಆಮೇಲೆ ಸಮಾಧಾನ ಮಾಡಲು ಹತ್ತು ನಿಮಿಷ ಹಿಡಿಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಫೋನಿನಲ್ಲಿ ಪಂದ್ಯ ನೋಡುವುದಾದರೆ ಮೆಸೇಜ್‌ಗಳ ಬಾಯಿ ಮುಚ್ಚಿಸಿ. ಇಂಗ್ಲೆಂಡ್‌ನ ಸ್ಟೋಕ್ಸ್ ಮತ್ತು ಬಟ್ಲರ್ ನಿಂತು ಆಡುವ ಸದ್ದು ಕೇಳಿ ಅಪ್ಪ ಎದ್ದು ಬಂದು ರಿಮೋಟ್ ಹಿಡಿದರು. ನಾನು ಫೋನಿಗೆ ಹೋದೆ. ಐದನೇ ಸೆಟ್, ಎಂಟು-ಏಳು, ಫೆಡರರ್ ಸರ್ವ್, 40-15. ಎರಡು ಚಾಂಪಿಯನ್‌ಶಿಪ್ ಪಾಯಿಂಟ್, ಒಂದು ಗೆದ್ದರೂ ಕಪ್ ಅವನದೇ. ಫೋನಿನ ಪ್ರಸಾರ ಟಿವಿಗಿಂತ ಹಿಂದೆ ಇರುತ್ತದಲ್ಲ, ನನ್ನ ಫೆಡರರ್ ಇನ್ನೂ ಚೆಂಡು ಪುಟಿಸುತ್ತಿದ್ದಾನೆ. ಅಷ್ಟರಲ್ಲಿ ಮೇಲಿನಿಂದ ಗೆಳೆಯನ ಮೆಸೇಜ್ ಇಳಿಯಿತು: "ಎರಡೂ ಹೋಯ್ತು ಕಣೋ." ಆಮೇಲೆ ಒಂದು ಫೋರ್‌ಹ್ಯಾಂಡ್ ಹೊರಗೆ ಹೋದದ್ದನ್ನೂ, ಜೊಕೊವಿಚ್ ಹೊಡೆದ ಚೆಂಡು ಪಕ್ಕದಲ್ಲಿ ಹಾದುಹೋದದ್ದನ್ನೂ ಗೊತ್ತಿದ್ದೇ ನೋಡಿದೆ. ಸಾವಿನ ಸುದ್ದಿ ಕೇಳಿ ಆಸ್ಪತ್ರೆಗೆ ಹೋದ ಹಾಗೆ.

ಟಿವಿ ಮುಂದೆ ಅಪ್ಪ ಕಿರುಚುತ್ತಿದ್ದರು. ಕೊನೇ ಓವರಿನಲ್ಲಿ ನ್ಯೂಜಿಲೆಂಡ್‌ನ ಗಪ್ಟಿಲ್ ಎಸೆದ ಚೆಂಡು, ಡೈವ್ ಮಾಡಿದ ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋಗಿತ್ತು. "ಧೋನಿನ ರನೌಟ್ ಮಾಡಿದ ಕೈ ಅಲ್ವಾ ಅದು!" ಅಂತ ಅಪ್ಪನಿಗೆ ಎಲ್ಲಿಲ್ಲದ ಸಂತೋಷ.

ಸಮವಾದರೆ ಏನು ಅಂತ ಮೊದಲೇ ಓದಿಕೊಳ್ಳಿ. ಅವತ್ತು ಎರಡು ಕಡೆಯೂ ಅದೇ ಆಯಿತು. ವಿಂಬಲ್ಡನ್‌ನಲ್ಲಿ ಕೊನೇ ಸೆಟ್ 12-12 ಆದರೆ ಟೈಬ್ರೇಕ್, ಅಂದರೆ ಸೆಟ್ ತೀರ್ಮಾನಿಸುವ ಒಂದು ಕೊನೇ ಗೇಮ್, ಅನ್ನುವ ನಿಯಮ ಆ ವರ್ಷವೇ ಬಂದದ್ದು, ಅದರಲ್ಲೇ ಜೊಕೊವಿಚ್ ಗೆದ್ದ. ಕ್ರಿಕೆಟ್‌ನಲ್ಲಿ ತಲಾ ಒಂದು ಓವರಿನ ಸೂಪರ್ ಓವರೂ 15-15 ಆಗಿ, ಬೌಂಡರಿ ಎಣಿಸಿ 26-17 ಅಂತ ಇಂಗ್ಲೆಂಡ್‌ಗೆ ಕಪ್ ಕೊಟ್ಟರು. "ಊಟದ ಎಲೆ ಎಣಿಸಿದ ಹಾಗೆ ಎಣಿಸ್ತಾರಲ್ಲೋ" ಅಂದರು ಅಪ್ಪ. ನನಗೆ ಉರಿದದ್ದು ಬೇರೆ ಲೆಕ್ಕಕ್ಕೆ. ಇಡೀ ಪಂದ್ಯದಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಅಲ್ಲಿ ಯಾರೂ ಎಣಿಸಲಿಲ್ಲ! ಈಗ ಎರಡೂ ನಿಯಮ ಬದಲಾಗಿವೆ. ಕ್ರಿಕೆಟ್‌ನಲ್ಲಿ ಸೂಪರ್ ಓವರ್ ಮತ್ತೆ ಮತ್ತೆ ಆಡಿಸುತ್ತಾರೆ, ವಿಂಬಲ್ಡನ್‌ನಲ್ಲಿ 2022ರಿಂದ ಕೊನೇ ಸೆಟ್ 6-6 ಆದರೆ ಹತ್ತು ಪಾಯಿಂಟ್‌ನ ಟೈಬ್ರೇಕ್.

ಬಿಟ್ಟುಹೋದದ್ದನ್ನು ಮರುದಿನ ನೋಡುವುದಾದರೆ ರೇಸ್ ನೋಡಿ. ಫಲಿತಾಂಶ ಗೊತ್ತಿದ್ದರೂ ಕೆಡುವುದಿಲ್ಲ. ಹ್ಯಾಮಿಲ್ಟನ್ ಆರನೇ ಸಲ ತವರಿನ ರೇಸ್ ಗೆದ್ದದ್ದು, ಅದಕ್ಕಿಂತ ಜಾಸ್ತಿ ಲೆಕ್ಲೇರ್ ಮತ್ತು ವೆರ್‌ಸ್ಟಾಪನ್ ಜಗಳ, ಸೋಮವಾರ ರಾತ್ರಿ ಮಂಡಕ್ಕಿ ತಿನ್ನುತ್ತಾ ಆರಾಮಾಗಿ ನೋಡಿದೆ. ಟೆನಿಸ್ ಹಾಗಲ್ಲ. ಆ ಐದನೇ ಸೆಟ್ ಹಾಕಿದಾಗಲೆಲ್ಲ ಎಂಟು-ಏಳು, 40-15ಕ್ಕೆ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.